ಓರೆ ಹಿಡಿದ ಕ್ಯಾಮೆರಾ

ಇದನ್ನು ಬರೆಯಲು ಕೂತು ಎದ್ದುಹೋದದ್ದು ಅದೆಷ್ಟು ಸಲವೋ. ಈಗಲಾದರೂ ಮುಗಿಸುತ್ತೇನೆ.

ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಇದ್ದ ಕಾಲ. ರಾಮನಗರದ ಬಂಡೆಗಳ ನಡುವೆ ಸಿನಿಮಾ ತೆಗೆಯುತ್ತಿದ್ದವರಲ್ಲಿ ನಾನು ಲೈಟು ಹೊರುವ ಕೆಲಸಕ್ಕಿದ್ದೆ. ಒಂದು ದಿನ ಕ್ಯಾಮೆರಾಮನ್ ಕ್ಯಾಮೆರಾವನ್ನು ಪಕ್ಕಕ್ಕೆ ವಾಲಿಸಿದರು. ಯಾಕೆಂದು ಕೇಳಿದೆ. ಮೂಕಿಚಿತ್ರಗಳ ಕಾಲದಲ್ಲಿ ಜರ್ಮನಿಯವರು ರೂಢಿಗೆ ತಂದದ್ದಂತೆ, ಬುದ್ಧಿ ಕದಡಿದವನ ಕಣ್ಣಿಗೆ ಲೋಕ ಹೇಗೆ ಕಾಣುತ್ತದೆಂದು ತೋರಿಸಲು. "ನೆಲ ಓರೆಯಾದ್ರೆ ನೋಡೋನಿಗೆ ಒಳಗೇ ಅಳುಕು ಹುಟ್ಟುತ್ತೆ. ಯಾಕೆ ಅಂತ ಅವನಿಗೆ ಗೊತ್ತಾಗಬಾರದು," ಎಂದರು.

ಆಮೇಲೆ ನಾನೇ ವಿಡಿಯೋ ಕ್ಯಾಮೆರಾ ಕೊಂಡು ಮದುವೆಗಳನ್ನು ತೆಗೆಯತೊಡಗಿದೆ. ಮರಳವಾಡಿ ಹತ್ತಿರದ ನಮ್ಮ ಮನೆಯಲ್ಲಿ ಅಣ್ಣ ರೇಷ್ಮೆ ಹುಳು ಸಾಕುತ್ತಿದ್ದ. ಬೆಳೆ ಚೆನ್ನಾಗಿ ಬಂದಿತ್ತು, ಅದನ್ನೂ ತೆಗಿ ಎಂದ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಅಂಗಳದಲ್ಲಿ ಕೋಲಿನ ಆಸರೆಗೆ ಓರೆಯಾಗಿ ಒರಗಿಸಿದ್ದರು. ಅಣ್ಣನ ಹೆಂಡತಿ ಅವುಗಳ ಹಿಂದೆ, ಅವು ವಾಲಿದ್ದ ಬದಿಗೆ ನಿಂತಳು. ನಾನು ಪಕ್ಕದಿಂದ ಹಿಡಿದು, ಚಂದ್ರಿಕೆಗಳು ನೆಟ್ಟಗೆ ಕಾಣುವವರೆಗೂ ಕ್ಯಾಮೆರಾ ವಾಲಿಸಿದೆ. ಆಗ ಆಕೆ ಓರೆಯಾದಳು, ಹುಳುಗಳ ಮೇಲೆ ಎರಗುವವಳಂತೆ. ನನಗೆ ಬಹಳ ಹಿಡಿಸಿತು.

ಅದೇ ದಿನ ಹುಳುಮನೆಯೊಳಗೂ ಹೋದೆ. ಅಲ್ಲಿ ಇನ್ನೊಂದು ಸರದಿಯ ಎಳೆ ಹುಳುಗಳಿದ್ದವು. ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಯಾರೂ ಒಳಗೆ ಬರಬಾರದು. ನಾನು ಬೆಳಗ್ಗೆಯಷ್ಟೇ ಚನ್ನಪಟ್ಟಣದ ಕಡೆ, ಹುಳುಗಳಿಗೆ ರೋಗ ಬಿದ್ದ ಮನೆಯೊಂದರಿಂದ ಬಂದಿದ್ದೆ. ಬೂಟು ಬಿಚ್ಚಲು ಸೋಮಾರಿತನ. ಹಾಗೇ ನುಗ್ಗಿದೆ.

ಆ ಹುಳುಗಳೆಲ್ಲ ಸಪ್ಪೆ ರೋಗ ತಗುಲಿ ಕೊಳೆತುಹೋದವು. ಆ ವಾರವೇ ಮನೆಯ ಟಿವಿಯಲ್ಲಿ ನನ್ನ ಕ್ಯಾಸೆಟ್ಟು ಓಡಿತು.

"ಹೆಂಗ್ ನಿಂತವ್ಳೆ ನೋಡ್ಲಾ," ಅವ್ವ ಅಣ್ಣನಿಗೆ ಹೇಳಿದಳು. "ಹುಳುಗಳ್ ಮ್ಯಾಲೆ ಬೀಳೋ ಹಂಗವ್ಳೆ. ಇವಳ ಕಣ್ಣೇ ತಾಕಿರಾದು."

"ಸುಮ್ಕಿರವ್ವ," ಎಂದ ಅಣ್ಣ. ಆದರೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನಮ್ಮಲ್ಲಿ ನಡುಮನೆಯೇ ಹುಳುಮನೆ. ಅಂದಿನಿಂದ ಹುಳು ಇದ್ದಷ್ಟು ದಿನ ಆಕೆ ಹಿತ್ತಲಿನ ಅಡುಗೆ ಚಪ್ಪರ ಬಿಟ್ಟು ಈಚೆಗೆ ಬರುವಂತಿರಲಿಲ್ಲ. ಹುಳು ಇಲ್ಲದ ದಿನಗಳೇ ನಮ್ಮಲ್ಲಿ ಕಡಿಮೆ.

ಆಕೆಯನ್ನು ಅಲ್ಲಿಂದ ಬಿಡಿಸಲು ನನ್ನ ಒಂದು ಮಾತು ಸಾಕಿತ್ತು. ಆದರೆ ಓರೆಯಾದದ್ದು ಕ್ಯಾಮೆರಾ ಎಂದರೆ, ಹಾಗಾದರೆ ರೋಗ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಿದ್ದರು. ಬಾಯಿ ಬಿಡಲಿಲ್ಲ.

ಒಮ್ಮೆ ಚಪ್ಪರದಲ್ಲಿ ಮುದ್ದೆ ಬಡಿಸುತ್ತಾ ಆಕೆಯೇ ಕೇಳಿದಳು: "ನಾನು ದಿಟವಾಗ್ಲೂ ಹಂಗೇ ವಾಲ್ಕಂಡ್ ನಿಂತಿದ್ನಾ?"

"ಕ್ಯಾಸೆಟ್ನಾಗೆ ನೀವೇ ನೋಡುದ್ರಲ್ಲ," ಎಂದೆ.

ಆಕೆ ಇನ್ನೊಂದು ಸೌಟು ಸಾರು ಹಾಕಿದಳು. ಅದನ್ನೂ ಉಂಡೆ. ನಾನು ಇವತ್ತಿನವರೆಗೂ ತಪ್ಪಾಯಿತೆಂದು ಹೇಳದೆ ಉಳಿದದ್ದು ಆಕೆಗೆ, ನನ್ನ ಅತ್ತಿಗೆಗೆ.