ಎಡಕಿವಿ ಮುಟ್ಟದ ಬಲಗೈ

1958ರ ಜೂನ್ ತಿಂಗಳಲ್ಲಿ ನಾನು ಸೊರಬದ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಡಾಕ್ಟರಾಗಿದ್ದೆ. ಜನರ ಬಾಯಲ್ಲಿ ‘ಲೇಡಿ ಡಾಕ್ಟ್ರು’. ನನ್ನ ಜೊತೆಗೆ ಒಬ್ಬ ಕಾಂಪೌಂಡರ್, ಒಬ್ಬಳು ದಾದಿ. ಎಕ್ಸ್‌ರೇ ಬೇಕೆಂದರೆ ರೋಗಿ ಶಿವಮೊಗ್ಗದ ಬಸ್ಸು ಹತ್ತಬೇಕಿತ್ತು. ಮಳೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿಗೆ ಬರುತ್ತಿದ್ದುದು ಚಳಿಜ್ವರ, ಭೇದಿ, ಗದ್ದೆಯ ಕೆಸರಿನಿಂದಾಗುವ ಕಾಲಿನ ಹುಣ್ಣು. ಆ ವರ್ಷ ಬಂದದ್ದು ಬೇರೆ. ನಾನು ನಿವೃತ್ತಳಾಗುವವರೆಗೆ ನೂರೆಂಟು ಬಗೆಯ ಕೇಸು ನೋಡಿದ್ದೇನೆ. ಸಾವು ನೋಡಿ ಅತ್ತಿದ್ದೇನೆ. ಆದರೆ ಯಾರೂ ಸಾಯದ ಈ ಒಂದು ಕೇಸು ತರಿಸಿದಷ್ಟು ಸಿಟ್ಟು ಬೇರೆ ಯಾವುದೂ ತರಿಸಲಿಲ್ಲ. ಇಷ್ಟು ವರ್ಷವಾದರೂ ಅದು ಇಳಿದಿಲ್ಲ, ಇಳಿಯುವುದೂ ಬೇಡ.

ಶಾಲೆಗಳು ಬಾಗಿಲು ತೆರೆದ ವಾರ ಬೇರೆ ಬೇರೆ ಊರಿನಿಂದ ಎರಡು ಮಕ್ಕಳನ್ನು ಕರೆತಂದರು. ಇಬ್ಬರಿಗೂ ಐದರ ಆಸುಪಾಸು. ಕೈಯನ್ನು ಅರ್ಧ ಮಡಚಿ ಹೊಟ್ಟೆಗೆ ಒತ್ತಿ ಹಿಡಿದಿದ್ದವು, ಯಾರಾದರೂ ಮುಟ್ಟಲು ಹೋದರೆ ಕಿರುಚುತ್ತಿದ್ದವು. ಊತವಿಲ್ಲ, ಗಾಯವಿಲ್ಲ. ಇದಕ್ಕೆ ನಾವು ‘ಪುಲ್ಡ್ ಎಲ್ಬೋ’ ಎನ್ನುತ್ತೇವೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆ. ಅವುಗಳಲ್ಲಿ ಒಂದರ ತುದಿಯನ್ನು ಮೊಣಕೈಯ ಬಳಿ ಒಂದು ನಾರು ಬಳೆಯ ಹಾಗೆ ಸುತ್ತಿ ಹಿಡಿದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಆ ಹಿಡಿತ ಸಡಿಲ. ಚಾಚಿದ ಕೈಯನ್ನು ಯಾರಾದರೂ ಜಗ್ಗಿದರೆ ಎಲುಬು ಆ ಬಳೆಯಿಂದ ಜಾರುತ್ತದೆ. ಅಂಗೈಯನ್ನು ಮೇಲ್ಮುಖ ಮಾಡಿ ಮೊಣಕೈ ಮಡಚಿದರೆ ‘ಟಕ್’ ಎಂದು ಸ್ವಸ್ಥಾನಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಮಗು ಅದೇ ಕೈ ಚಾಚಿ ಪೆಪ್ಪರಮಿಂಟು ಇಸಿದುಕೊಳ್ಳುತ್ತದೆ. ಅವೆರಡೂ ಹಾಗೆಯೇ ಮಾಡಿದವು.

ನನಗೆ ಅನುಮಾನ ಬಂದದ್ದು ಎರಡೂ ಬಲಗೈ ಆಗಿದ್ದರಿಂದ. ಎರಡೂ ಕೈ ಭುಜದಿಂದ ಬೆರಳವರೆಗೆ ಎಣ್ಣೆಯಲ್ಲಿ ಮಿಂಚುತ್ತಿದ್ದವು. ಯಾರು ಜಗ್ಗಿದ್ದು ಎಂದು ಕೇಳಿದರೆ ಇಬ್ಬರು ತಾಯಂದಿರೂ ನೆಲ ನೋಡಿ, “ಆಡ್ತಾ ಆಡ್ತಾ ಬಿದ್ದ್ಬಿಡ್ತು ಕಣ್ರೀ” ಎಂದರು.

ಮೂರನೆಯವಳಾಗಿ ಬಂದವಳು ಗಿರಿಜೆ. ಜಡೆ ಎಂಬ ಊರಿನ ಆಚೆಗಿನ ಒಂದು ಹಳ್ಳಿಯ ರೈತರ ಮನೆಯ ಹುಡುಗಿ. ಊರಿನ ಹೆಸರು ಬೇಡ, ಅಲ್ಲಿಯ ಮೇಷ್ಟರ ಮೊಮ್ಮಕ್ಕಳು ಇನ್ನೂ ಇದ್ದಾರೆ. ಗಿರಿಜೆಯನ್ನು ಎತ್ತಿಕೊಂಡು ಬಂದಿದ್ದವಳು ತಾಯಿ ಹಾಲಮ್ಮ. ಗಂಡ ಚನ್ನಬಸಪ್ಪ ಬಾಗಿಲ ಹೊರಗೇ ನಿಂತಿದ್ದ. ಹುಡುಗಿಯ ಮೊಣಕೈ ಸರಿಪಡಿಸಿದೆ. ಎರಡು ದಿನಕ್ಕೆ ಮತ್ತೆ ಕರೆತಂದರು, ಮತ್ತೆ ಜಾರಿತ್ತು. ಈ ಸಲ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ಕತ್ತಿಗೆ ಕಟ್ಟಿ, ಇನ್ನೊಮ್ಮೆ ಜಗ್ಗಿದರೆ ಕೈ ಹೋಗುತ್ತದೆ ಎಂದು ಹೆದರಿಸಿದೆ. ಆಗ ಹಾಲಮ್ಮ ದಾದಿ ಆಚೆ ಹೋಗುವುದನ್ನು ಕಾದು ಮೆಲ್ಲಗೆ ಬಾಯಿಬಿಟ್ಟಳು.

“ಡಾಕ್ಟ್ರಮ್ಮ, ಬೈಬ್ಯಾಡ್ರಿ. ಕೈ ಉದ್ದ ಆಗಾಕೆ ಏನಾರ ಔಷಧಿ ಐತೇನ್ರೀ?”

ತಮಾಷೆ ಎಂದುಕೊಂಡೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

“ಇನ್ನೊಂದ್ ಎರಡ್ ಬೆರಳು ಬಂದ್ರೆ ಸಾಕ್ರಿ. ಕಿವಿ ಮುಟ್ತಾಳೆ.”

ನನ್ನ ಓರಗೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಈಗಿನವರಿಗಾಗಿ ಹೇಳುತ್ತೇನೆ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದರೆ ಮೇಷ್ಟರು ವಯಸ್ಸು ಕೇಳುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಒಳಗೆ, ಮುಟ್ಟದಿದ್ದರೆ ಮುಂದಿನ ವರ್ಷ. ಎಳೆಯ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕೈ ಗಿಡ್ಡ; ಬೆಳೆಯುತ್ತ ಕೈ ಉದ್ದವಾಗುತ್ತದೆ ಎನ್ನುವುದು ನಿಜ. ಆದರೆ ಎಲ್ಲ ಮಕ್ಕಳೂ ಒಂದೇ ಅಳತೆಯಲ್ಲಿ ಬೆಳೆಯುತ್ತವೆಯೇ? ಗಿರಿಜೆಗೆ ಮೂರು ವರ್ಷ ಚಳಿಜ್ವರ ಬಂದು ಬಂದು ಹೋಗಿತ್ತು. ಹೊಟ್ಟೆ ದಪ್ಪ, ಕೈಕಾಲು ಸಣ್ಣ. ಹಿಂದಿನ ಜೂನಿನಲ್ಲಿ ಅವಳನ್ನು ವಾಪಸು ಕಳಿಸಿದ್ದರು, ಈ ಜೂನಿನಲ್ಲಿ ಮತ್ತೆ ಕಳಿಸಿದ್ದರು. ಈ ಸಲ ಅವಳಿಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವನಾದ ತಮ್ಮ ಮಂಜನೂ ಜೊತೆಗೆ ಹೋಗಿದ್ದ. ಅವನು ಅಪ್ಪನ ಹಾಗೆ ಕೋಲುಕೋಲು ಹುಡುಗ. ಕಿವಿ ಮುಟ್ಟಿ, ಇನ್ನೂ ನಾಲ್ಕೂವರೆಯಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳಂತೆ.

“ನಮ್ಮತ್ತೆ ಹೇಳ್ಬಿಟ್ಟಾರೆ ಕಣ್ರೀ. ಈ ವರ್ಸ ಸೇರಿಸ್ಕಳ್ಳಿಲ್ಲ ಅಂದ್ರೆ ಆತು, ಎಮ್ಮೆ ಹಿಂದೆ ಹೋಗ್ಲಿ ಅಂತ. ಒಂದ್ಸಲ ಎಮ್ಮೆ ಹಿಂದೆ ಹೋದ್ ಹುಡುಗೀನ ಯಾರ್ ರೀ ಮತ್ತೆ ಇಸ್ಕೂಲಿಗೆ ಕಳಿಸ್ತಾರೆ?”

ನಾನು ಚನ್ನಬಸಪ್ಪನನ್ನು ಒಳಗೆ ಕರೆದೆ. ಅವನು ಮುಚ್ಚಿಡಲಿಲ್ಲ. ದಿನಾ ಬೆಳಿಗ್ಗೆ ಕೈಗೆ ಎಣ್ಣೆ ನೀವಿ, ಕೊಟ್ಟಿಗೆಯ ಅಡ್ಡತೊಲೆಗೆ ಮಗಳನ್ನು ಜೋತುಬಿಡಿಸಿ, ಆಮೇಲೆ ಬಲಗೈ ಹಿಡಿದು ತಾನೇ ಎಳೆಯುತ್ತಿದ್ದನಂತೆ. ನಾನು ಇಡೀ ಡಿಸ್ಪೆನ್ಸರಿಗೆ ಕೇಳುವ ಹಾಗೆ ಕೂಗಾಡಿದೆ. ನೀವು ಅಪ್ಪನೋ ಕಟುಕನೋ ಎಂದೆ.

“ಅವ್ರು ಕೇಳಿದ್ದು ಉದ್ದನ್ ಕೈ ರೀ,” ಎಂದ ಚನ್ನಬಸಪ್ಪ. “ನಾ ಎಲ್ಲಿಂದ ತರ್ಲಿ?”

ಅವನ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಇದ್ದಲ್ಲೇ ಇತ್ತು, ಆದರೆ ಇವನ ಮೇಲೆ ಅಲ್ಲ. ಮೊದಲ ಎರಡು ಮಕ್ಕಳ ಎಣ್ಣೆಯ ಕೈಗಳೂ ಆಗ ಅರ್ಥವಾದವು.

ಅದೇ ಸಂಜೆ ನಮ್ಮ ಭಾಗದ ಶಾಲಾ ಇನ್ಸ್‌ಪೆಕ್ಟರರ ಮನೆಗೆ ಹೋದೆ. ಸಂಭಾವಿತರು, ಕಾಫಿ ತರಿಸಿದರು. ಶಾಲೆಗೆ ಸೇರಿಸಲು ಕಿವಿ ಮುಟ್ಟಬೇಕೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ. ಅವರು ನಕ್ಕರು. “ಎಲ್ಲೂ ಇಲ್ಲ ಡಾಕ್ಟ್ರೇ. ಐದು ತುಂಬಿರಬೇಕು, ಅಷ್ಟೆ. ದಾಖಲೆ ಇಲ್ಲದಿದ್ರೆ ಹೆತ್ತೋರು ಹೇಳಿದ್ರೆ ಸಾಕು. ಕಿವಿದು ಒಂದು ರೂಢಿ. ನನ್ನನ್ನೂ ಹಾಗೇ ಸೇರಿಸಿದ್ದು.”

“ಹೇಳಿದರೆ ಸಾಕು ಅನ್ನೋದು ಯಾರಿಗೆ ಗೊತ್ತಿದೆ?”

“ಎಲ್ಲ ಮೇಷ್ಟ್ರಿಗೂ ಗೊತ್ತಲ್ಲ.”

“ಹೆತ್ತವರಿಗೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೆತ್ತವರಿಗೆ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಬೀಜ ಬಂತು, ಗೊಬ್ಬರ ಬಂತು, ಕಂದಾಯ ಕಟ್ಟಿ ಎಂದರೆ ಊರೂರಿಗೆ ಡಂಗುರ ಹೊಡೆಸುವ ಸರ್ಕಾರಕ್ಕೆ, ನಿಮ್ಮ ಮಗುವನ್ನು ಶಾಲೆಗೆ ಸೇರಿಸಲು ನಿಮ್ಮ ಬಾಯಿಮಾತು ಸಾಕು ಎಂದು ಹೇಳಲು ಒಂದು ತಮಟೆ ಸಿಕ್ಕಿರಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಮಂಗಳವಾರ ಜಡೆಯಲ್ಲಿ ನನ್ನ ಕ್ಯಾಂಪು. ಅದು ಮುಗಿದ ಮೇಲೆ ಹಾಲಮ್ಮ, ಗಿರಿಜೆಯರ ಜೊತೆ ಗಾಡಿಯಲ್ಲಿ ಅವರೂರ ಶಾಲೆಗೆ ಹೋದೆ. ಒಂದೇ ಕೋಣೆ, ಒಬ್ಬರೇ ಮೇಷ್ಟರು, ನಾಲ್ಕು ಕ್ಲಾಸು. ಮೇಷ್ಟರು ಕೆಟ್ಟವರೇನಲ್ಲ. ಎದ್ದು ನಿಂತು ಕುರ್ಚಿ ಕೊಟ್ಟರು. ಕಿವಿಯ ವಿಷಯ ಎತ್ತಿದ್ದೇ, ತಮ್ಮ ಗುರುಗಳ ಕಾಲದಿಂದ ನಡೆದುಬಂದದ್ದು, ಯಾವ ತಂಟೆಯೂ ಇಲ್ಲದ್ದು, ಬಡವ ಬಲ್ಲಿದ ಎಂಬ ಭೇದವೂ ಅದರಲ್ಲಿ ಇಲ್ಲ ಎಂದು ವಿವರಿಸಿದರು. ನಾನು ಜೋಳಿಗೆಯಲ್ಲಿದ್ದ ಕೈ ತೋರಿಸಿದೆ. ಈ ಕೈ ಹೀಗಾಗಿರುವುದು ನಿಮ್ಮ ರೂಢಿಯಿಂದ ಎಂದೆ. ಅವರಿಗೆ ನಿಜವಾಗಿಯೂ ನೋವಾಯಿತು. ಚ್ಚು ಚ್ಚು ಎಂದು ಹುಡುಗಿಯ ತಲೆ ಸವರಿದರು. ಆಮೇಲೆ ಹೇಳಿದರು:

“ಕಟ್ಟು ಬಿಚ್ಚಿದ್ಮೇಲೆ ಕರ್ಕೊಂಡ್ ಬರ್ಲಿ ಮೇಡಂ. ಮುಟ್ಟಿಸಿ ನೋಡಾಣ.”

ಇನ್ಸ್‌ಪೆಕ್ಟರರು ಹೇಳಿದ್ದನ್ನು ಹೇಳಿದೆ. ಬಾಯಿಮಾತು ನಂಬಿದರೆ ಮೂರು ವರ್ಷದ ಕೂಸುಗಳನ್ನೂ ತಂದು ಬಿಡುತ್ತಾರೆ, ಏನಾದರೊಂದು ಗುರುತು ಬೇಡವೇ ಎಂದರು ಮೇಷ್ಟರು. ಗುರುತು ತಾನೇ, ಕೊಡುತ್ತೇನೆ ಎಂದು ಮೊದಲ ಬೆಂಚಿನಿಂದ ಮಂಜನನ್ನು ಕರೆಸಿ, ಅಕ್ಕ ತಮ್ಮ ಇಬ್ಬರನ್ನೂ ಬಾಗಿಲ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿದೆ. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದಾಗಿ ಒಂದು ದವಡೆ ಹಲ್ಲು ಹುಟ್ಟುತ್ತದೆ. ಸಾಮಾನ್ಯವಾಗಿ ಆರರ ಹೊತ್ತಿಗೆ ಬರುವುದರಿಂದ ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಆರನೇ ವರ್ಷದ ಹಲ್ಲೆಂದೇ ಹೆಸರು. ಗಿರಿಜೆಯ ಕೆಳದವಡೆಯಲ್ಲಿ ಎರಡೂ ಕಡೆ ಅದು ಮೂಡಿತ್ತು. ಮಂಜನ ಬಾಯಲ್ಲಿ ಅದರ ಸುಳಿವಿರಲಿಲ್ಲ. ಮೇಷ್ಟರು ಬಗ್ಗಿ ಬಗ್ಗಿ ನೋಡಿದರು, ಬೆರಳಿಟ್ಟೂ ನೋಡಿದರು. ಅವರ ಮುಖ ಅರಳಿತು. “ಇದು ಸೈಂಟಿಫಿಕ್ಕು” ಎಂದರು. ಅಲ್ಲೇ ಗಿರಿಜೆಯ ಹೆಸರು ಬರೆದುಕೊಂಡರು. ಹುಡುಗಿ ಜೋಳಿಗೆ ಸಮೇತ ಹೋಗಿ ತಮ್ಮನ ಪಕ್ಕ ಕೂತು, ಎಡಗೈಯಿಂದ ಅವನನ್ನು ಆಚೆ ತಳ್ಳಿ ಜಾಗ ಮಾಡಿಕೊಂಡಳು.

ನನಗೆ ಗೆದ್ದ ಖುಷಿ. ಹಾಲಮ್ಮನಿಗೂ ಇರಬೇಕೆಂದುಕೊಂಡೆ. ಹೊರಗೆ ಬಂದು ಗಾಡಿ ಹತ್ತುವಾಗ ಅವಳು ಕೈ ಮುಗಿದಳು, ಕಣ್ಣೊರೆಸಿಕೊಂಡಳು. ಆಮೇಲೆ ಶಾಲೆಯ ಕಡೆ ನೋಡಿ ಹೇಳಿದಳು: “ಇವಳು ಮೊದ್ಲು ಹುಟ್ಟಿದ್ದು, ಅವ್ನು ಆಮೇಲೆ ಹುಟ್ಟಿದ್ದು ಅಂತ ನಾ ಬಡ್ಕಂಡೆ ಕಣ್ರೀ. ಹೆತ್ತೋಳ ಮಾತು ನಂಬ್ಲಿಲ್ಲ. ಹಲ್ಲು ನಂಬಿದ್ರು.”

ಈ ಮಾತಿನ ತೂಕ ನನಗೆ ಆ ದಿನ ಗೊತ್ತಾಗಲಿಲ್ಲ. ಗೊತ್ತಾಗಲು ಒಂದು ವರ್ಷ ಹಿಡಿಯಿತು.

1959ರ ಬೇಸಿಗೆಯಲ್ಲಿ ನನಗೆ ಶಿಕಾರಿಪುರಕ್ಕೆ ವರ್ಗವಾಯಿತು. ಜೂನ್ ಬಂತು. ಎಣ್ಣೆ ಹಚ್ಚಿದ ಕೈಗಳು ಬಂದರೆ ಏನು ಮಾಡಬೇಕೆಂದು ಸಿದ್ಧಳಾಗಿಯೇ ಕೂತಿದ್ದೆ. ಬಂದದ್ದು ಕೈಯಲ್ಲ. ಒಬ್ಬ ರೈತ ಮಗನನ್ನು ಹೆಗಲ ಮೇಲೆ ಹೊತ್ತು ತಂದ, ಹಿಂದೆ ಹೆಂಡತಿ. ಹುಡುಗನ ಹೆಸರು ವೀರೇಶ, ಐದೂವರೆ ವರ್ಷ. ಎರಡು ದಿನದಿಂದ ಅನ್ನ ನೀರು ಮುಟ್ಟಿರಲಿಲ್ಲ. ಬಾಯಿ ತೆರೆಸಿದರೆ ಹಿಂಬದಿಯ ಒಸಡೆಲ್ಲ ಸುಟ್ಟ ಹಾಗೆ ಕೆಂಪಾಗಿ ಹುಣ್ಣಾಗಿತ್ತು. ಬೆಳ್ಳುಳ್ಳಿ ಅರೆದು ಉಪ್ಪು ಸೇರಿಸಿ ದಿನಕ್ಕೆರಡು ಬಾರಿ ತಿಕ್ಕಿದ್ದರು.

“ಹಲ್ಲು ಲಗೂನ ಬರ್ಲಿ ಅಂತ ತಿಕ್ಕಿದ್ವಿ ನೋಡ್ರಿ,” ಎಂದ ಆ ತಂದೆ. “ಹಿಂದಿನ ಹಲ್ಲು ಬರದೇ ಇಸ್ಕೂಲಿಗೆ ತಗೊಳ್ಳಂಗಿಲ್ಲ ಅಂದ್ರು.”

“ಯಾರು ಹೇಳಿದ್ದು?”

“ಮೇಷ್ಟ್ರು. ಸೊರಬದಾಗ ಒಬ್ರು ಲೇಡಿ ಡಾಕ್ಟ್ರು ಈ ರೂಲ್ಸ್ ಮಾಡ್ಯಾರಂತ್ರಿ.”

ಆ ಲೇಡಿ ಡಾಕ್ಟ್ರು ನಾನೇ. ವಿಚಾರಿಸಿದಾಗ ತಿಳಿಯಿತು, ಜಡೆಯ ಕಡೆಯ ಆ ಮೇಷ್ಟರು ಸಂಭ್ರಮದಿಂದ ಯಾವುದೋ ಶಿಕ್ಷಕರ ಕೂಟದಲ್ಲಿ ಇದನ್ನು ಹೇಳಿದ್ದರು, ಕೇಳಿದವರು ತಮ್ಮ ತಮ್ಮ ಊರಿಗೆ ಒಯ್ದಿದ್ದರು. ಐದು ತುಂಬಿದರೆ ಸಾಕೆಂಬ ನಿಯಮ ಅದೆಷ್ಟೋ ವರ್ಷದಿಂದ ಅವರ ಕಪಾಟಿನಲ್ಲೇ ಇತ್ತು, ಹೊಸಿಲು ದಾಟಿರಲಿಲ್ಲ. ಈ ಹಲ್ಲಿನ ಕಥೆ ಒಂದೇ ವರ್ಷದಲ್ಲಿ ತಾಲ್ಲೂಕು ದಾಟಿ ಬಂದಿತ್ತು! ಮಗುವನ್ನು ಹೊರಗಿಡಲು ಒಂದು ಉಪಾಯ ಸಿಕ್ಕರೆ ಅದಕ್ಕೆ ಎಲ್ಲಿಲ್ಲದ ಕಾಲುಗಳು ಬರುತ್ತವೆ.

ಈ ಸಲ ಯಾವ ಇನ್ಸ್‌ಪೆಕ್ಟರರ ಮನೆಗೂ ಹೋಗಲಿಲ್ಲ. ಯಾವ ಮೇಷ್ಟರಿಗೂ ಹಲ್ಲು, ಎಲುಬು ತೋರಿಸಲಿಲ್ಲ. ಅಂದಿನಿಂದ ಬೆಳಿಗ್ಗೆ ಔಷಧಿಗೆ ನಿಂತ ಹೆಂಗಸರ ಸಾಲಿನ ಮುಂದೆ ಹೋಗಿ ನಿಂತು ಗಟ್ಟಿಯಾಗಿ ಹೇಳತೊಡಗಿದೆ. ಮಗುವಿಗೆ ಐದು ತುಂಬಿದರೆ ಶಾಲೆಗೆ ಸೇರಿಸಿಕೊಳ್ಳಲೇಬೇಕು. ಕೈ ಅಳೆಯುವ ಹಾಗಿಲ್ಲ, ಹಲ್ಲು ನೋಡುವ ಹಾಗಿಲ್ಲ. ಯಾವ ಮಳೆಗೆ, ಯಾವ ಹಬ್ಬದ ಎಡಬಲಕ್ಕೆ ಹೆತ್ತಿರೆಂದು ನೆನಪಿಟ್ಟು ಹೇಳಿ, ಬರೆದುಕೊಳ್ಳುವುದು ಅವರ ಕೆಲಸ. ಮಗುವನ್ನು ಒಂದು ಕೈ ಹಿಡಿದು ಜಗ್ಗಬೇಡಿ, ಎತ್ತುವುದಾದರೆ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ. ಅಲ್ಲಿಯ ಕಾಂಪೌಂಡರ್ ಮಿಕ್ಸ್ಚರ್ ಕಲಸುತ್ತಲೇ ಇದನ್ನು ಬಾಯಿಪಾಠ ಮಾಡಿಬಿಟ್ಟ. ನಾನು ಇಲ್ಲದ ದಿನ ಅವನೇ ಒದರುತ್ತಿದ್ದ.

ವೀರೇಶನ ಬಾಯಿ ಮಾಯ್ದ ಮೇಲೆ ಅವನ ತಾಯಿ ಇನ್ನೂ ನಾಲ್ಕಾರು ತಾಯಂದಿರನ್ನು ಕಟ್ಟಿಕೊಂಡು ಶಾಲೆಗೆ ಹೊರಟಳು. ನಾನೂ ಹೋದೆ, ಆದರೆ ಜಗುಲಿ ಹತ್ತಲಿಲ್ಲ. ಹೊರಗೆ ನಿಂತು ನೋಡಿದೆ. ಮಕ್ಕಳು ಸಾಲಾಗಿ ನಿಂತಿದ್ದವು. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದವು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದವು.

ಆ ಶಾಲೆಯ ಮೇಷ್ಟರು ವೀರೇಶನ ಮುಂದೆ ಬಗ್ಗಿ, “ಎಲ್ಲಿ, ಬಾಯಿ ತಗಿ ನೋಡಾಣ” ಎಂದರು. ಹುಡುಗ ತಾಯಿಯ ಮುಖ ನೋಡಿದ. ತುಟಿ ಇನ್ನೂ ಬಿಗಿಯಾಯಿತು.

“ಅವನ್ನ ಯಾಕ ಕೇಳ್ತೀರಿ?” ಎಂದಳು ಅವಳು. “ಹೆತ್ತಾಕಿ ಇಲ್ಲೇ ನಿಂತೀನಲ್ರೀ. ನನ್ನ ಕೇಳ್ರಿ.”

ಮೇಷ್ಟರು ಸಾಲನ್ನು ನೋಡಿದರು, ನನ್ನನ್ನು ನೋಡಿದರು, ಲೇಖನಿ ಕೈಗೆತ್ತಿಕೊಂಡರು.

“ವಯಸ್ಸೆಷ್ಟಮ್ಮ?”

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಹಾಲಮ್ಮನ ಮಾತು ನಿಜವೆಂದು ಮೇಷ್ಟರಿಗೆ ತೋರಿಸಲು ನಾನು ಅಂದು ಅಷ್ಟು ದೂರ ಗಾಡಿಯಲ್ಲಿ ಹೋದೆ. ಅವಳ ಮಾತೊಂದೇ ಸಾಕೆಂದು ಅವಳಿಗೆ ಮೊದಲೇ ಯಾರಾದರೂ ಹೇಳಿದ್ದರೆ ಗಿರಿಜೆಯ ಕೈ ಜಾರುತ್ತಿರಲಿಲ್ಲ, ಚನ್ನಬಸಪ್ಪ ಮಗಳನ್ನು ಕೊಟ್ಟಿಗೆಯ ಅಡ್ಡತೊಲೆಗೆ ಜೋತುಬಿಡಿಸುತ್ತಿರಲಿಲ್ಲ.

ಹೆಸರು ಬರೆದಾದ ಮೇಲೆ ಮೇಷ್ಟರು “ವೀರೇಶಾ” ಎಂದು ಕೂಗಿದರು. ಆಗ ಹುಡುಗ ಬಾಯಿ ಇಷ್ಟಗಲ ತೆರೆದು “ಸಾ!” ಎಂದು ಊರಿಗೆಲ್ಲ ಕೇಳುವ ಹಾಗೆ ಒದರಿದ.