ಪೂಜೆಯ ಸಾಲಿನಲ್ಲಿದ್ದ ಟೋಪೊರ್

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಆಯುಧವೇ ಇರಲಿಲ್ಲ. ಕೊಲ್ಲಿ ನಾಡಿನ ದಾರ್ಸೈಟ್‌ನಲ್ಲಿ ಬಾಡಿಗೆ ಫ್ಲ್ಯಾಟು, ನನ್ನದು ಗುಮಾಸ್ತನ ಕೆಲಸ. ಆಫೀಸಿನಿಂದ ತಂದ ಟೈಪ್‌ರೈಟರು, ಅಡುಗೆಮನೆಯ ಕತ್ತಿ, ಒಂದು ಸ್ಕ್ರೂಡ್ರೈವರು ಇಟ್ಟರೆ ಮುಗಿಯಿತು. "ಶಾಲೆ ಮಕ್ಕಳ ಕಂಪಾಸು ಪೆಟ್ಟಿಗೆಗೆ ಪೂಜೆ ಮಾಡಿದ ಹಾಗೆ ಉಂಟು" ಎಂದು ಹೆಂಡತಿ ಗೊಣಗುತ್ತಿದ್ದಳು.

ಎದುರು ಮನೆಯ ಡಾಕ್ಟರು ರಷ್ಯಾದಲ್ಲಿ ಓದಿ, ಅಲ್ಲಿಯವರನ್ನೇ ಮದುವೆಯಾಗಿದ್ದರು. ಆ ರಷ್ಯನ್ ಅಕ್ಕನ ಬಳಿ ತೀರಿಹೋದ ಅಪ್ಪನ ಪುಟ್ಟ ಕೊಡಲಿಯಿತ್ತು. ತವರಿನಿಂದ ಅವರು ತಂದದ್ದು ಅದೊಂದನ್ನೇ. ಹೆಂಡತಿ ಪ್ರತಿವರ್ಷ ಅದನ್ನು ಕೇಳಿ ತಂದು, ಒರೆಸಿ, ಕುಂಕುಮ ಹಚ್ಚಿ ಸಾಲಿನ ನಡುವೆ ಇಡುತ್ತಿದ್ದಳು. ತುಳುವಿನಲ್ಲಿ ನಮಗದು ಕುಡರಿ. ಅಕ್ಕನಿಗೆ ಟೋಪೊರ್.

ಒಮ್ಮೆ ಕಟ್ಟಡದ ಕಾವಲುಗಾರ, ಒಬ್ಬ ಬಲೂಚಿ ಮುದುಕ, ಅದನ್ನು ನೋಡಿ "ತಪರ್" ಎಂದ. ಅಕ್ಕ ನಿಂತಲ್ಲೇ ನಿಂತರು. ಆಮೇಲೆ ನಾನು ಓದಿ ತಿಳಿದುಕೊಂಡೆ. ಇರಾನಿನ ಕಡೆಯ ಹಳೆಯ ಪದವೊಂದನ್ನು ಸ್ಲಾವ್ ಜನರ ಪೂರ್ವಿಕರು ಯಾವುದೋ ಕಾಲದಲ್ಲಿ ಎರವಲು ಪಡೆದರಂತೆ. ಅವರಿಂದ ಅದು ರಷ್ಯಾಕ್ಕೂ ಪೋಲೆಂಡಿಗೂ ಇಳಿದು, ಫಿನ್‌ಲೆಂಡಿನವರ ಬಾಯಿಯವರೆಗೂ ಹೋಯಿತಂತೆ. ಇತ್ತ ಫಾರಸಿಯಲ್ಲಿ ತಬರ್, ಬಲೂಚಿಯಲ್ಲಿ ತಪರ್. ನಾನು ಉತ್ಸಾಹದಿಂದ ವಿವರಿಸಲು ಹೋದರೆ ಅಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. ಅಪ್ಪನೇ ಹೇಳಿದ ಹಾಗೆ ಕೇಳಿಸಿತು ಎನ್ನುತ್ತಾ ಅವರು ಆ ಮುದುಕನಿಗೆ ಚಹಾ ಕಳಿಸತೊಡಗಿದರು.

ಕೊನೆಯ ವರ್ಷ ಡಾಕ್ಟರಿಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು. ಪೂಜೆ ಕಳೆದ ಮೇಲೆ ಹೊರಡಬೇಕಿದ್ದವರ ಟಿಕೆಟ್ಟು ಬದಲಾಗಿ, ಪೂಜೆಯ ದಿನ ಸಂಜೆಗೇ ಬಂತು. ಅಕ್ಕ ನಮ್ಮ ಬಾಗಿಲಲ್ಲಿ ನಿಂತಾಗ ಕೊಡಲಿ ಸೇವಂತಿಗೆಯ ನಡುವೆ ಕೂತಿತ್ತು.

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಅದರಲ್ಲಿ ನನ್ನ ಹೆಂಡತಿ ಹಿಡಿದ ಹಟ ಬಿಡುವವಳಲ್ಲ. ಹಿಂದಿನ ವರ್ಷ ಮ್ಯಾನೇಜರು ಟೈಪ್‌ರೈಟರ್ ತರಲು ಡ್ರೈವರನ್ನು ಕಳಿಸಿದಾಗ, ಪಾಯಸ ಕುಡಿಸಿ ಬರಿಗೈಯಲ್ಲಿ ಕಳಿಸಿದ್ದಳು. ನಾನು ಅವಳ ಮುಖ ನೋಡಿದೆ.

"ಇರಲಿ ಬಿಡು, ಬೆಹೆನ್. ದೇವರ ಹತ್ತಿರವೇ ಇರಲಿ" ಎಂದು ಅಕ್ಕ ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ಕಣ್ಣು ಮಾತ್ರ ಕೊಡಲಿಯ ಮೇಲಿತ್ತು.

ಹೆಂಡತಿ ದೀಪಕ್ಕೆ ಕೈಮುಗಿದು, ಕೊಡಲಿಯನ್ನು ಎತ್ತಿದಳು. ಕುಂಕುಮ ಒರೆಸದೆ ಹೊಸ ಬೈರಾಸಿನಲ್ಲಿ ಸುತ್ತಿದಳು. "ಅಪ್ಪನದ್ದಲ್ವಾ ಅಕ್ಕ, ಬಿಟ್ಟು ಹೋಗ್ಲಿಕ್ಕುಂಟಾ? ಆದ್ರೆ ನಾಳೆವರೆಗೆ ಇದ್ರಲ್ಲಿ ಏನೂ ಕಡಿಲಿಕ್ಕಿಲ್ಲ, ಆಯ್ತಾ?"

ಅಕ್ಕ ಅವಳನ್ನು ತಬ್ಬಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ಅವರು ಹೋದ ಮೇಲೆ, ಹೇಗೂ ಒಂದು ಎತ್ತಿ ಆಯಿತಲ್ಲ, ನನ್ನ ಟೈಪ್‌ರೈಟರನ್ನೂ ಎತ್ತಬಹುದಾ ಎಂದು ಮೆಲ್ಲಗೆ ಕೇಳಿದೆ.

"ನೀವು ಸುಮ್ನೆ ಕೂತ್ಕೊಳ್ಳಿ" ಎಂದಳು.

ಈಗ ಮಂಗಳೂರಿನ ಮನೆಯಲ್ಲಿ ನಮ್ಮದೇ ಕೊಡಲಿಯಿದೆ, ಊರಿನ ಕಮ್ಮಾರ ಮಾಡಿದ್ದು. ಪೂಜೆಯ ದಿನ ಹೆಂಡತಿ ಮಗಳನ್ನು ಕರೆದು ಹೇಳುತ್ತಾಳೆ: "ಟೋಪೊರ್ ತಾ ಮಗಾ, ಅದು ನಡುವೆ ಇರ್ಬೇಕು." ಕುಡರಿ ಎಂದು ನಮ್ಮ ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.