ಹೂಂ ಅನ್ರೀ, ಹೆಬ್ಬೆಟ್ಟು ಬೇಡ

ಹಾಲಿನ ಡೇರಿಯ ಮೆಟ್ಟಿಲ ಮೇಲೆ ನಿಂತು ನಾಗವೇಣಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸೊರಬ ತಾಲ್ಲೂಕಿನ ಅವರ ಊರಿನಲ್ಲಿ ಮೊಬೈಲಿಗೆ ಸರಿಯಾಗಿ ಸಿಗ್ನಲ್ ಸಿಗುವುದು ಇದೊಂದೇ ಜಾಗದಲ್ಲಿ. ಹಾಲು ಹಾಕಲು ಬಂದವರ ಕ್ಯಾನುಗಳ ಸದ್ದಿನ ನಡುವೆಯೇ ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತು ಶುರು ಮಾಡುತ್ತಾರೆ.

"ಎಲ್ಲಾರಿಗೂ ನಮಸ್ಕಾರ, ನಾಗವೇಣಿ ಟೀಚರ್ ಮಾತಾಡ್ತಿರೋದು. ನಾಳೆ ಸ್ಕೂಲಲ್ಲಿ ಹುಳದ ಮಾತ್ರೆ ಕೊಡ್ತೀವಿ. ಮಕ್ಕಳನ್ನ ಹಸಿದ ಹೊಟ್ಟೇಲಿ ಕಳಿಸ್ಬೇಡಿ. ಜ್ವರ ಇದ್ರೆ ಮೊದ್ಲೇ ಹೇಳಿ. ಮಾತ್ರೆಗೆ ಹೆದರಿ ಮನೇಲೇ ಇಟ್ಕೋಬೇಡಿ ಮತ್ತೆ."

ಹಿಂದಿನ ಸಂಜೆ ಮುಖ್ಯ ಶಿಕ್ಷಕ ಮಹೇಶ್ವರಪ್ಪ ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದ ಸಂದೇಶವೂ ಇದೇ. ಆದರೆ ಅದು 'ಪೋಷಕರ ಆದ್ಯ ಗಮನಕ್ಕೆ' ಎಂದು ಆರಂಭವಾಗಿ 'ಜಂತುಹುಳು ನಿವಾರಣೆಗೆ ಸಹಕರಿಸತಕ್ಕದ್ದು' ಎಂದು ಮುಗಿಯುತ್ತಿತ್ತು. ಅದನ್ನು ಓದಿದವರಿಗೆ ಭಯ, ಓದಲು ಬಾರದವರಿಗೆ ಬರೀ ಕಪ್ಪು ಗೆರೆ. ಅದಕ್ಕೇ ಸಾಹೇಬರ ಕನ್ನಡವನ್ನು ನಾಗವೇಣಿ ದಿನವೂ ಮನೆಮಾತಿಗೆ ಇಳಿಸುತ್ತಾರೆ. ಈ ಕೆಲಸವನ್ನು ಅವರಿಗೆ ಯಾರೂ ಹೇಳಿಲ್ಲ, ಯಾವ ಆದೇಶದಲ್ಲೂ ಇಲ್ಲ. ತಂದೆ ತಾಯಂದಿರು ಗೂಡ್ಸ್ ಗಾಡಿ ಹತ್ತಿ ಶುಂಠಿ ಹೊಲದ ಕೂಲಿಗೆ ಹೊರಡುವ ಮೊದಲು ಮಾತು ಅವರ ಕಿವಿಗೆ ಬೀಳಬೇಕು. ಆಮೇಲೆ ಹಾಕಿದರೆ ಕೇಳುವವರಿಲ್ಲ.

ನಾಗವೇಣಿ ಅತಿಥಿ ಶಿಕ್ಷಕಿ. ಹೆಸರಿನಲ್ಲಿ ಅತಿಥಿ, ಸತ್ಕಾರ ಮಾತ್ರ ಇಲ್ಲ. ಮಾರ್ಚ್ ಮುಗಿದರೆ ಕೆಲಸ ಮುಗಿಯಿತು, ಜೂನ್‌ನಲ್ಲಿ ಮತ್ತೆ ಕರೆದರೆ ಉಂಟು. ಊರಿನಿಂದ ಶಿರಾಳಕೊಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ತೊಗರ್ಸಿ ಕಡೆಯ ಹಳ್ಳಿ ಶಾಲೆಗೆ ಇನ್ನೊಂದು. ಎರಡನೆಯದು ತಪ್ಪಿದರೆ ಆಟೊ, ಆಟೊ ಸಿಗದಿದ್ದರೆ ನಡಿಗೆ. "ಬಸ್ಸಲ್ಲಿ ಸೀಟು ಸಿಕ್ಕಿದ್ರೆ ಆ ದಿನ ಹಬ್ಬ ಕಣ್ರೀ" ಎಂದು ನಗುತ್ತಾರೆ.

ಆ ಬಸ್ಸಿನಲ್ಲೇ ಅವರಿಂದ ಒಂದು ತಪ್ಪಾಯಿತು. ಹೇಳುವಾಗ ಈಗಲೂ ಅವರ ಮುಖ ಸಣ್ಣಗಾಗುತ್ತದೆ.

ಐದನೇ ತರಗತಿಯಲ್ಲಿ ಗಂಗಾಶ್ರೀ ಎಂಬ ಹುಡುಗಿ. ಲೆಕ್ಕದಲ್ಲಿ ಚುರುಕು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ನಾಗವೇಣಿಯೇ ಅವಳನ್ನು ತಯಾರು ಮಾಡುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯ ತಾಯಿ ಗುಡ್ಡಮ್ಮ ಗ್ರೂಪಿಗೆ ಒಂದು ಧ್ವನಿ ಸಂದೇಶ ಕಳಿಸಿದರು. ಗಂಡನಿಲ್ಲದ, ಕೂಲಿ ಮಾಡಿ ಬದುಕುವ ಆ ಹೆಂಗಸು ಗ್ರೂಪಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದ ನಾಗವೇಣಿ ಸಂದೇಶದ ಅರ್ಧ ಕೇಳಿಸಿಕೊಂಡರು. ಎಲ್ಲರೂ ಮಾಡುವಂತೆ ಅದರ ಕೆಳಗೆ ಹೆಬ್ಬೆಟ್ಟಿನ ಚಿತ್ರ ಒತ್ತಿದರು.

ಮರುದಿನದಿಂದ ಗಂಗಾಶ್ರೀ ಶಾಲೆಗೆ ಬರಲಿಲ್ಲ. ತಾಯಿಯ ಜೊತೆ ಶುಂಠಿ ಹೊಲಕ್ಕೆ ಹೋಗುತ್ತಿದ್ದಾಳೆ ಎಂದು ಮಕ್ಕಳು ಹೇಳಿದರು. ಸಂಜೆ ನಾಗವೇಣಿ ಮನೆಗೆ ಹೋದರೆ ಗುಡ್ಡಮ್ಮ ಕೂರಿ ಎನ್ನಲಿಲ್ಲ.

"ನಾವು ಹೆಬ್ಬೆಟ್ಟಿನ ಜನ ಹೌದ್ರೀ. ಅದನ್ನ ಊರಿಗೆಲ್ಲ ತೋರಿಸಿ ಹೇಳ್ಬೇಕಿತ್ತೇನ್ರೀ?"

ನಾಗವೇಣಿಗೆ ಮೊದಲು ಏನೂ ಹೊಳೆಯಲಿಲ್ಲ. ಪಕ್ಕದ ಮನೆಯ ವನಜಮ್ಮ ಬಿಡಿಸಿ ಹೇಳಿದರು: "ಅಕಿ ಮಾತಾಡಿದ್ದಕ್ಕೆ ನೀವು ಹೆಬ್ಬೆಟ್ಟು ಹಾಕಿದ್ರಲ್ರೀ. ಓದಕ್ಕೆ ಬರದೋಳು ನೀನು, ಸುಮ್ಕಿರು ಅಂದಂಗಾತು."

"ಅಯ್ಯೋ, ಹಂಗಲ್ಲ ಗುಡ್ಡಮ್ಮಾರೆ. ಸರಿ ಅನ್ನೋದಕ್ಕೆ ಹಂಗೆ ಒತ್ತೋದು" ಎಂದರು ನಾಗವೇಣಿ.

"ಸರಿ ಅಂದ್ರೆ ಏನ್ರೀ? ಮಗಳು ಆ ಹಾಸ್ಟೆಲಲ್ಲಿ ಅತ್ರೆ ಯಾರು ಸಮಾಧಾನ ಮಾಡ್ತಾರೆ ಅಂತ ಕೇಳಿದ್ನಲ್ರೀ ನಾನು."

ಆ ಪ್ರಶ್ನೆ ಇದ್ದದ್ದು ನಾಗವೇಣಿ ಕೇಳಿಸಿಕೊಳ್ಳದ ಉಳಿದರ್ಧದಲ್ಲಿ. "ಚಿತ್ರ ತಪ್ಪು ತಿಳ್ಕೊಂಡಿದ್ರೆ ತಿದ್ದಬಹುದಿತ್ತು. ನಾನು ಕೇಳೇ ಇರ್ಲಿಲ್ಲವಲ್ಲ, ಅದು ಚುಚ್ಚಿತು" ಎನ್ನುತ್ತಾರೆ ಈಗ.

ಅವಮಾನ ಎಲ್ಲರೆದುರು ಆಗಿತ್ತು, ಮನೆ ಬಾಗಿಲಲ್ಲಿ ಕ್ಷಮೆ ಕೇಳಿದರೆ ಸಾಲದು. ಗ್ರೂಪಿನಲ್ಲೇ ಕೇಳುತ್ತೇನೆಂದಾಗ ಮಹೇಶ್ವರಪ್ಪ ಬೇಡವೆಂದರು. "ಎಲ್ಲರ ಮುಂದೆ ತಪ್ಪಾತು ಅಂದ್ರೆ ನಾಳೆ ಯಾರು ನಿಮ್ಮ ಮಾತು ಕೇಳ್ತಾರ್ರೀ? ಮೊದ್ಲೇ ಗೆಸ್ಟ್ ಟೀಚರ್ ನೀವು" ಎಂದರು. ಮುಂದಿನ ಜೂನ್‌ನಲ್ಲಿ ಕರೆಯಬೇಕಾದವರೂ ಅವರೇ. ನಾಗವೇಣಿ ಆ ಸಂಜೆ ಊರು ತಲುಪುವ ಮುನ್ನವೇ ವಸತಿ ಶಾಲೆಯ ವಾರ್ಡನ್‌ಗೆ ಫೋನ್ ಮಾಡಿ ವಿಚಾರಿಸಿಕೊಂಡರು. ಬೆಳಿಗ್ಗೆ ಡೇರಿ ಮೆಟ್ಟಿಲ ಮೇಲೆ ನಿಂತು ಗ್ರೂಪಿಗೆ ಮಾತು ಕಳಿಸಿದರು.

"ಗುಡ್ಡಮ್ಮಾರೆ, ನಿಮ್ಮ ಮಾತು ಪೂರ್ತಿ ಕೇಳದೇನೇ ಹೆಬ್ಬೆಟ್ಟು ಒತ್ತಿಬಿಟ್ಟೆ. ತಪ್ಪಾಯ್ತು. ಮಗು ಅತ್ರೆ ನೋಡ್ಕೊಳ್ಳೋಕೆ ಅಲ್ಲಿ ವಾರ್ಡನ್ ಮೇಡಮ್ ಇದಾರೆ. ಅವರ ಹತ್ರ ಮಾತಾಡಿದೀನಿ. ಹೊಸ ಮಕ್ಕಳು ಮೊದಲ ವಾರ ಅಳ್ತಾವಂತೆ, ಸುಳ್ಳು ಹೇಳಲ್ಲ ನಾನು. ಭಾನುವಾರ ನೀವು ಹೋಗಿ ನೋಡ್ಬಹುದು. ಇನ್ಮೇಲೆ ಈ ಗ್ರೂಪಲ್ಲಿ ಹೆಬ್ಬೆಟ್ಟು ಬೇಡ ಕಣ್ರೀ. ಕೇಳಿದ್ರೆ ಹೂಂ ಅನ್ನಿ, ಒಪ್ಪಿಗೆ ಇಲ್ದಿದ್ರೆ ಊಹೂಂ ಅನ್ನಿ."

ಗುಡ್ಡಮ್ಮನಿಂದ ಹೂಂ ಬರಲಿಲ್ಲ, ಊಹೂಂ ಕೂಡ ಬರಲಿಲ್ಲ. ಹುಡುಗಿಯೂ ಶಾಲೆಗೆ ಬರಲಿಲ್ಲ. ಪರೀಕ್ಷೆಯ ದಿನ ಉಳಿದ ಮಕ್ಕಳನ್ನು ಶಿಕಾರಿಪುರಕ್ಕೆ ಕರೆದೊಯ್ಯಲು ನಾಗವೇಣಿ ಶಿರಾಳಕೊಪ್ಪ ಬಸ್ ನಿಲ್ದಾಣದಲ್ಲಿ ಕಾದು ನಿಂತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಗುಡ್ಡಮ್ಮ ಮಗಳ ಕೈ ಹಿಡಿದು ಓಡುತ್ತ ಬಂದರು. ಹುಡುಗಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಬಂದಿದ್ದಳು.

"ಟೀಚರ್ರೇ, ಪೆನ್ನು ಮರ್ತು ಬಂದಾಳ್ರೀ ಅಕಿ" ಎಂದರು ಗುಡ್ಡಮ್ಮ. ನಾಗವೇಣಿ ತಮ್ಮ ಪೆನ್ನು ತೆಗೆದು ಹುಡುಗಿಯ ಕೈಗಿಟ್ಟರು.

ಈಗ ಆ ಗ್ರೂಪಿನಲ್ಲಿ ಬೆಳಗಾದರೆ ಹೂಂಗಳ ಸಾಲು. ಎಳೆದ ಹೂಂ, ನಿದ್ದೆಗಣ್ಣಿನ ಹೂಂ, ಹೂಂ ರೀ, ಆತು ರೀ. ಹುಳದ ಮಾತ್ರೆಗೆ ಒಂದು ಊಹೂಂ ಬಂತು, ನಾಗವೇಣಿ ಆ ಮನೆಗೆ ಹೋಗಿ ಕೂತು ಮಾತಾಡಿ ಬಂದರು. ಜೂನ್‌ನಲ್ಲಿ ನಾಗವೇಣಿಯನ್ನು ಮತ್ತೆ ಕರೆದ ಮಹೇಶ್ವರಪ್ಪನವರು ಈಗಲೂ 'ಸಹಕರಿಸತಕ್ಕದ್ದು' ಎಂದೇ ಬರೆಯುತ್ತಾರೆ. ಆದರೆ ನಾಗವೇಣಿಯ ಮಾತು ಬಂದಮೇಲೆ ಮೊದಲ ಹೂಂ ಅವರದೇ.

ಗಂಗಾಶ್ರೀ ವಸತಿ ಶಾಲೆ ಸೇರಿದ್ದಾಳೆ. ಮೊದಲ ವಾರ ಅತ್ತಳು. ಹಳ್ಳಿ ಶಾಲೆಯಲ್ಲಿ ಗುಡ್ಡಮ್ಮನಿಗೆ ಈಗ ಬೇರೆ ಮಕ್ಕಳಿಲ್ಲ, ಗ್ರೂಪು ಬಿಡಬೇಕಿತ್ತು. ಬಿಟ್ಟಿಲ್ಲ, ಯಾರೂ ತೆಗೆದೂ ಇಲ್ಲ. ಮಗಳ ಸುದ್ದಿಯನ್ನು ಅವರು ಹೇಳುವುದು ಅಲ್ಲೇ.

ಹೊರಡುವ ಮುನ್ನ, ನಿಮ್ಮ ಆಸೆ ಏನು ಎಂದು ನಾಗವೇಣಿಯನ್ನು ಕೇಳುತ್ತೇನೆ. ಉತ್ತರ ನನಗೆ ಗೊತ್ತಿದೆ ಅಂದುಕೊಂಡಿರುತ್ತೇನೆ.

"ಕಾಯಂ ಆಗೋ ಆಸೆ ಯಾರಿಗಿಲ್ಲ ಹೇಳಿ. ಅದು ನನ್ನ ಕೈಲಿಲ್ಲ. ಜೂನ್‌ನಲ್ಲಿ ಬೇರೆ ಟೀಚರ್ ಬಂದ್ರೂ ಗ್ರೂಪಿಂದ ನನ್ನ ತೆಗೀಬೇಡಿ ಸಾರ್ ಅಂತ ಕೇಳ್ಕೊಂಡಿದೀನಿ. ಗಂಗಾಶ್ರೀ ಅನ್ನ ಉಂಡ್ಲಂತೆ ಅಂತ ಅವರಮ್ಮ ಹೇಳೋದನ್ನ ಕೇಳದಿದ್ರೆ ನನಗೆ ತಿಂಡಿ ಸೇರಲ್ಲ ಕಣ್ರೀ. ಪೂರ್ತಿ ಕೇಳ್ತೀನಿ ಈಗ."